ಪರಿಮಳ ಇಲ್ಲಿ

ಉದ್ಯಾನದ ಗಿಡಗಳಿಗೆಲ್ಲ ಹೆಸರಿನ ಫಲಕ ಬರೆಯುತ್ತಿದ್ದವರು ಒಬ್ಬರೇ ಪೇಂಟರು. ಇಪ್ಪತ್ತಾರು ವರ್ಷಗಳಲ್ಲಿ ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಆ ಹೆಮ್ಮೆ ಅವರ ನಡಿಗೆಯಲ್ಲೇ ಕಾಣುತ್ತಿತ್ತು.

ಆ ವರ್ಷ ಕೊಳದ ಪಕ್ಕದ ಪಾತಿಯಲ್ಲಿ ಹೊಸ ಗೆಡ್ಡೆಗಳು ಚಿಗುರಿ, ಅಗಲ ಎಲೆಗಳ ಮೇಲೆ ತಲೆ ತಗ್ಗಿಸಿದ ಬಿಳಿ ಹೂಗಳು ಅರಳಿದವು. ಅಧಿಕಾರಿ ಫೋನ್ ಮಾಡಿ, ಅದಕ್ಕೆ 'ಪರಿಮಳದ ಲಿಲ್ಲಿ' ಎಂದು ಬರೆಯಲು ಹೇಳಿದರು. ಹೊರಗೆ ಹುಲ್ಲು ಕತ್ತರಿಸುವ ಯಂತ್ರ ಗರ್ ಎನ್ನುತ್ತಿತ್ತು. ಪೇಂಟರು ಕಿವಿಗೆ ಬಿದ್ದದ್ದನ್ನು ದುಂಡಗೆ ಬರೆದು ನೆಟ್ಟರು: 'ಪರಿಮಳ ಇಲ್ಲಿ'.

ಮರುದಿನದಿಂದ ಜನ ಅಲ್ಲಿ ಸಾಲುಗಟ್ಟಿದರು. ಫಲಕವೇ ಹೇಳಿದ ಮೇಲೆ ಮೂಸದೆ ಹೋಗುವುದುಂಟೆ? ಒಬ್ಬೊಬ್ಬರಾಗಿ ಬಗ್ಗಿ, ಮೂಸಿ, ಕೃತಾರ್ಥರಾಗಿ ಮುಂದೆ ಸಾಗಿದರು. ಗುಲಾಬಿಗಳ ಕಡೆ ಯಾರೂ ಮೂಗು ತಿರುಗಿಸಲಿಲ್ಲ. ಪರಿಮಳ ಇದ್ದದ್ದು ಅಲ್ಲಲ್ಲವಲ್ಲ.

ಅಧಿಕಾರಿ ಬಂದು ನೋಡಿ ಹಣೆ ಚಚ್ಚಿಕೊಂಡರು.

"ಇಲ್ಲಿ ಅಲ್ಲ ಕಣ್ರೀ, ಲಿಲ್ಲಿ."

"ಎಲ್ಲಿ ಸಾರ್?"

"ಇಲ್ಲೇ."

"ಅದನ್ನೇ ಬರ್ದಿದೀನಲ್ಲ ಸಾರ್."

ಕೊನೆಗೆ ಚೀಟಿಯಲ್ಲಿ ಬರೆದು ಕೊಟ್ಟ ಮೇಲೆ ಫಲಕ ಬದಲಾಯಿತು. ಪೇಂಟರಿಗೆ ಆ ದಿನ ಊಟ ಸೇರಲಿಲ್ಲ.

ಆದರೆ ವಾರದೊಳಗೆ ದೂರು ಪುಸ್ತಕ ತುಂಬಿತು. ಪರಿಮಳವನ್ನು ಎಲ್ಲಿಗೆ ಸಾಗಿಸಿದಿರಿ ಎಂದು ಒಬ್ಬರು ಕೇಳಿದ್ದರು. ಹೊಸ ಹೂವಿಗೆ ಹಳೆಯದರ ಕಂಪಿಲ್ಲ ಎಂದು ಇನ್ನೊಬ್ಬರು ಬರೆದಿದ್ದರು. ಹೂವು ಮಾತ್ರ ಅದೇ ಇತ್ತು. ಪುಸ್ತಕ ಮೇಲಿನ ಕಚೇರಿಗೆ ಹೋಗಿ, ಅಲ್ಲಿಂದ ಆದೇಶ ಬಂತು: ಪರಿಮಳವನ್ನು ಮೂರು ದಿನದೊಳಗೆ ಯಥಾಸ್ಥಿತಿಗೆ ತರತಕ್ಕದ್ದು. ಅಧಿಕಾರಿ ಅದನ್ನು ಎರಡು ಸಲ ಓದಿ, ಪೇಂಟರನ್ನು ಕರೆಸಿ, ಹಳೆಯ ಮಾತನ್ನೇ ಇನ್ನೊಂದು ಫಲಕದಲ್ಲಿ ಬರೆದು ನೆಡಿ ಎಂದು ದನಿ ತಗ್ಗಿಸಿ ಹೇಳಿದರು. ಸಾಲು ಮತ್ತೆ ಬೆಳೆಯಿತು.

ಮನೆಯಲ್ಲಿ ಹೆಂಡತಿ ಇದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಕೇಳಿದರು: "ಅಲ್ಲಾ ರೀ, ಆ ಹೂವು ನಿಜವಾಗ್ಲೂ ಘಮ್ ಅನ್ನುತ್ತಾ?"

ಪೇಂಟರಿಗೆ ಆಗ ಹೊಳೆಯಿತು. ಅವರು ಮೂಸಿಯೇ ಇರಲಿಲ್ಲ.

ಬೆಳಿಗ್ಗೆ ಗೇಟು ತೆರೆಯುವ ಮೊದಲೇ ಹೋಗಿ, ಮಂಡಿಯೂರಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಏಳಲು ಮನಸ್ಸಾಗದೆ ಇನ್ನೊಂದು ಹೂವಿಗೂ ಬಗ್ಗಿದರು. ಅಂದು ಮಧ್ಯಾಹ್ನದವರೆಗೂ ಮೂಗಿನ ತುದಿಗೆ ಹಳದಿ ಪುಡಿ ಅಂಟಿಸಿಕೊಂಡೇ ಓಡಾಡಿದರು. ನೋಡಿದವರು ಯಾರೂ ಹೇಳಲಿಲ್ಲ.