ವಯೋಲಾದ ಪಾಳಿ

ನೌಬಾದದ ನಮ್ಮ ಪಿಟೀಲು ಮಾಸ್ತರರ ಹತ್ತಿರ ಒಂದು ಸವೆದ ಕ್ಯಾಸೆಟ್ ಇತ್ತು. ಪೋಲೆಂಡಿನವರು ಸ್ವಂತ ದೇಶ ಕಳೆದುಕೊಂಡು ಊರೂರು ಅಲೆಯುತ್ತಿದ್ದ ರೊಮ್ಯಾಂಟಿಕ್ ಯುಗದಲ್ಲಿ, ನಾಲ್ಕು ತಂತಿವಾದ್ಯಗಳಿಗಾಗಿ ಬರೆದ ಸಂಗೀತ ಅದರಲ್ಲಿತ್ತು. ಅದನ್ನು ಹಾಕಿದಾಗಲೆಲ್ಲ ಮಾಸ್ತರರು ನಾಲ್ಕು ಬೆರಳು ಎತ್ತಿ ಹೇಳುತ್ತಿದ್ದರು: "ಒಬ್ಬರು ಮಾತಾಡುವಾಗ ಮೂರು ಮಂದಿ ಕೇಳ್ಬೇಕ್ರಿ." ಶಿಷ್ಯರಿಗೂ 'ರಿ' ಹಚ್ಚದೆ ಅವರು ಮಾತಾಡಿದವರಲ್ಲ.

ಬರಗಾಲದ ವರ್ಷ ಆ ಸಂಗೀತವನ್ನು ನಾವು ಭಾಲ್ಕಿಯಲ್ಲಿ ನುಡಿಸುವುದಿತ್ತು. ಮಾಸ್ತರರದೂ ನನ್ನದೂ ಪಿಟೀಲು. ಮಂದ್ರದಲ್ಲಿ ನುಡಿಯುವ ದೊಡ್ಡ ತಂತಿವಾದ್ಯ ಚೆಲ್ಲೊ ಸಿಗದೆ ಅದರ ಭಾಗ ಹಾರ್ಮೋನಿಯಂ ಪಾಲಾಗಿತ್ತು. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುವ ಔರಾದದ ಅಕ್ಕ, ಕಾರ್ಯಕ್ರಮ ಹತ್ತಿರ ಬಂದಾಗ, ಮನೆಯವರೊಂದಿಗೆ ದುಡಿಯಲು ಪುಣೆಗೆ ಹೋದರು.

"ಅಕ್ಕನ ಭಾಗಾನೂ ನಾನೇ ಬಾರಸ್ತೇನ್ರಿ" ಅಂದೆ.

"ಬ್ಯಾಡ್ರಿ, ಅದು ಅಕಿದು."

ಕಾರ್ಯಕ್ರಮದ ದಿನ ಮೂವರೇ ನುಡಿಸುತ್ತ ಹೋದಂತೆ ವಯೋಲಾ ಒಂಟಿಯಾಗಿ ನುಡಿಯುವ ಜಾಗ ಬಂತು. ಮಾಸ್ತರರು ಕಮಾನು ತೊಡೆಯ ಮೇಲಿಟ್ಟು, ಅಕ್ಕನಿಗಾಗಿ ಹಾಕಿಸಿದ್ದ ಖಾಲಿ ಕುರ್ಚಿಯ ಕಡೆ ತಿರುಗಿ ತಲೆದೂಗತೊಡಗಿದರು.

ಮುಂದಿನ ಸಾಲಿನಿಂದ ಯಾರೋ ಕೇಳಿದರು: "ಮರತ್ರೇನ್ರಿ ಮಾಸ್ತರ?"

"ಇಲ್ರಿ, ಈಗ ಅಕಿ ಪಾಳಿ ನಡದದ."

ನಳದ ಮುಂದೆ ಕೊಡ ಇಟ್ಟು ಹೋದವರ ಪಾಳಿಯನ್ನು ಯಾರೂ ಕಸಿಯದ ಕಾಲ ಅದು. ಮಾಸ್ತರರು ಮತ್ತೆ ಕಮಾನು ಎತ್ತುವವರೆಗೆ ಇಡೀ ಸಭೆ ಸುಮ್ಮನೆ ಕೂತು ಕೇಳಿತು.