ಅಲೆಯವರೆಗೆ ಒಂದು ಕುರ್ಚಿ

ಬೆಳಕು ಹರಿಯುವ ಹೊತ್ತು. ಕುರ್ಚಿಯಕ್ಕ ಮರಳಿನ ಮೇಲೆ ಮಂಡಿಯೂರಿ ಗಾಲಿಕುರ್ಚಿಯ ದಪ್ಪ ಟಯರುಗಳನ್ನು ಒತ್ತಿ ನೋಡುತ್ತಿದ್ದಾರೆ. ಗಾಳಿ ಹೆಚ್ಚಾದರೆ ಚಕ್ರ ಹೂತುಕೊಳ್ಳುತ್ತದೆ, ಕಡಿಮೆಯಾದರೆ ತಳ್ಳುವವರ ಸೊಂಟ ಬೀಳುತ್ತದೆ. ಹಿಂದಿನ ಹೋಟೆಲು ಸಾಲಿನಲ್ಲಿ ಪರದೆಗಳಿನ್ನೂ ಸರಿದಿಲ್ಲ. ಬಿಸಿಲೇರಿದರೆ ಛತ್ರಿ, ಬಾಡಿಗೆ ಟ್ಯೂಬು, ಫೋಟೊದವರ ನಡುವೆ ಈ ದಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಷ್ಟರೊಳಗೆ ನಡೆಯಲಾಗದ ಪ್ರವಾಸಿಗರನ್ನು ಈ ಕುರ್ಚಿಯಲ್ಲಿ ಕೂರಿಸಿ ನೀರು ಮುಟ್ಟಿಸಿ ಕರೆತರುವುದು ಅವರ ಕೆಲಸ; ಊರವರು ಇಟ್ಟ ಹೆಸರೂ ಅದರಿಂದಲೇ.

ಇದು ಮುಗಿದ ಮೇಲೆ ಅವರು ಎದುರಿನ ಹೋಟೆಲಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಬದಲಿಸುತ್ತಾರೆ. ಎಲ್ಲ ಶುರುವಾದದ್ದೂ ಅಲ್ಲೇ. ದೊಡ್ಡ ಕುಟುಂಬದೊಡನೆ ಬಂದಿದ್ದ ಅಜ್ಜಿಯೊಬ್ಬರು ಇದ್ದಷ್ಟು ದಿನವೂ ಕಿಟಕಿಯ ಬಳಿಯೇ ಕುಳಿತಿದ್ದರು. ಮನೆಯವರು ಜಲಪಾತ, ದ್ವೀಪ, ದೀಪಸ್ತಂಭ ಎಂದು ಸುತ್ತಿ ಬರುತ್ತಿದ್ದರು. ಮಂಡಿ ಸೋತ ಅಜ್ಜಿಗೆ ಮರಳು ದಾಟುವುದು ಆಗದ ಮಾತು.

"ಹೊರಡೋ ದಿನ, 'ನಮ್ಮನೆ ಕ್ಯಾಲೆಂಡರಲ್ಲೂ ಸಮುದ್ರ ಇದೆ ಕಣಮ್ಮ, ಅಲ್ಲೇ ನೋಡ್ಕೊಂಡಿರಬಹುದಿತ್ತು' ಅಂದ್ರು. ಅವತ್ತು ನನಗೆ ಊಟ ಸೇರಲಿಲ್ಲ," ಎನ್ನುತ್ತಾರೆ ಕುರ್ಚಿಯಕ್ಕ.

ಗಂಡನದು ವೆಲ್ಡಿಂಗ್ ಕೆಲಸ. ಹಳೇ ಕುರ್ಚಿಗೆ ಅವರು ಕಬ್ಬಿಣದ ಚೌಕಟ್ಟು ಬೆಸೆದರು, ಗುಜರಿಯಲ್ಲಿ ಸಿಕ್ಕ ಟಯರು ಜೋಡಿಸಿದರು. ಮೊದಲು ಕೂರುವವರು ಯಾರು ಎಂಬ ಪ್ರಶ್ನೆ ಬಂದಾಗ ಅತ್ತೆ ಸೀರೆ ಎತ್ತಿ ಕಟ್ಟಿ ಮುಂದೆ ಬಂದರು. "ಮನೇಲಿ ನಾನೇ ಭಾರ. ನನ್ನ ತಡ್ಕೊಂಡ್ರೆ ಯಾರನ್ನಾದ್ರೂ ತಡ್ಕೊಳುತ್ತೆ," ಎಂಬುದು ಅವರ ಲೆಕ್ಕಾಚಾರ. ಕುರ್ಚಿ ತಡೆದುಕೊಳ್ಳಲಿಲ್ಲ. ಪಕ್ಕಕ್ಕೆ ವಾಲಿ ಅತ್ತೆಯನ್ನು ಮಕಾಡೆ ಕೆಡವಿತು. ಬಾಯಿಯ ಮರಳು ಉಗಿದು ಅವರು ಮಗನಿಗೆ ಹೇಳಿದ್ದು ಇಷ್ಟೇ: ಹಿಂದಿನ ಚಕ್ರ ಇನ್ನೂ ಅಗಲಕ್ಕೆ ಹಾಕು. ಹಾಕಿದ ಮೇಲೆ ಮತ್ತೆ ತಾವೇ ಹೋಗಿ ಕುಳಿತರು.

ಕುರ್ಚಿ ಗೆದ್ದರೂ ದಡದ ಕಾವಲುಗಾರರು ಬಿಡಲಿಲ್ಲ. ಮರಳಿನ ಮೇಲೆ ಚಕ್ರದ ಗಾಡಿಗೆ ಅನುಮತಿಯಿಲ್ಲ ಎಂದು ಅದನ್ನು ಹೊತ್ತೊಯ್ದು ಬೀಗ ಹಾಕಿದರು. ಕುರ್ಚಿಯಕ್ಕ ಕಚೇರಿಗೆ ಅಲೆದರು, ಚಪ್ಪಲಿ ಸವೆಯಿತು. ಅಲೆ ಎಳೆದುಕೊಂಡು ಹೋದರೆ ಯಾರು ಹೊಣೆ ಎಂದು ದಡದ ಅಧಿಕಾರಿ ಕೇಳಿದರು. ಕೇಳಿದ್ದು ಸರಿಯಾಗಿಯೇ ಇದೆ ಅನ್ನಿಸಿ ಕುರ್ಚಿಯಕ್ಕ ಮನೆಗೆ ಬಂದು ಕುರ್ಚಿ ಹಿಡಿದಿಡಲು ಹಗ್ಗ, ಕೂತವರಿಗೆ ಸೊಂಟದ ಪಟ್ಟಿ ಹೊಂದಿಸಿದರು. ಕುರ್ಚಿಯ ಬೀಗ ತೆಗೆಸಿ, ಅಧಿಕಾರಿಯ ಎದುರಿಗೇ ಅತ್ತೆಯನ್ನು ಕೂರಿಸಿ ಅಲೆಗೊಡ್ಡಿ ತೋರಿಸಿದರು. ಇಬ್ಬರು ಹಿಡಿದಿರಬೇಕು, ಮೊಣಕಾಲು ಮೀರಿದ ನೀರಿಗೆ ಇಳಿಯಬಾರದು, ಜನ ಸೇರುವ ಮುನ್ನ ಮುಗಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಇವತ್ತು ಕುಳಿತಿರುವವರು ಒಂದು ಕಾಲು ಕಳೆದುಕೊಂಡ ಹಿರಿಯರು. ಮಗಳೊಂದಿಗೆ ಪ್ರವಾಸಿ ಬಸ್ಸಿನಲ್ಲಿ ಬಂದಿದ್ದಾರೆ. ಹಿಂದೆ ಅಂಥದೇ ಬಸ್ಸಿಗೆ ಚಾಲಕರಾಗಿದ್ದವರು. ಈ ಊರಿಗೆ ಲೆಕ್ಕವಿಲ್ಲದಷ್ಟು ಸಲ ಜನರನ್ನು ತಂದಿಳಿಸಿದ್ದರೂ ರಾತ್ರಿಯಿಡೀ ಓಡಿಸಿದ ಸುಸ್ತಿಗೆ ಬಸ್ಸಿನಲ್ಲೇ ಮಲಗುತ್ತಿದ್ದರಂತೆ. ಸಮುದ್ರಕ್ಕೆ ಇಳಿದೇ ಇರಲಿಲ್ಲ.

ಕುರ್ಚಿಯಕ್ಕ, ಅವರ ಗಂಡ ಇಬ್ಬರೂ ಹಿಡಿ ಬಿಗಿಹಿಡಿದು ತಳ್ಳುತ್ತಾರೆ. ಮೊದಲ ಅಲೆ ಪಾದ ಮುಟ್ಟಿದಾಗ ಹಿರಿಯರು ಬೆಚ್ಚಿ ಕಾಲೆಳೆದುಕೊಂಡು, ಮತ್ತೆ ಮೆಲ್ಲಗೆ ಚಾಚುತ್ತಾರೆ. ಬಾಗಿ ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಹಚ್ಚಿಕೊಳ್ಳುತ್ತಾರೆ. ಮಗಳು ಸೆರಗು ಬಾಯಿಗೊತ್ತಿ ನಿಂತಿದ್ದಾಳೆ.

ನಿಮಗೇನು ಆಸೆ ಎಂದು ಕುರ್ಚಿಯಕ್ಕನನ್ನು ಕೇಳುತ್ತೇನೆ. "ಪ್ರತಿ ಹೋಟೆಲ್ ಬಾಗಿಲಲ್ಲೂ ಇಂಥದ್ದೊಂದು ಇರ್ಬೇಕು. ಯಾರನ್ನೂ ಗೋಗರೆಯದೆ, ಛತ್ರಿ ಕೇಳ್ದಂಗೆ ಕೇಳಿ ತಗೊಂಡು ಹೋಗ್ಬೇಕು. ಆಗ ನನ್ನನ್ನ ಮರೆತ್ರೂ ಬೇಜಾರಿಲ್ಲ."

ರಸ್ತೆಯಲ್ಲಿ ಹಾರನ್ ಮೊಳಗುತ್ತದೆ. "ಅಪ್ಪ, ಎಲ್ಲರೂ ಹತ್ತಿದ್ದಾರೆ, ಹೊರಡೋಣ," ಎನ್ನುತ್ತಾಳೆ ಮಗಳು.

ಹಿರಿಯರು ತಿರುಗಿ ನೋಡುವುದಿಲ್ಲ. "ನಾನು ಎಷ್ಟು ಜನರಿಗೆ ಕಾದಿದ್ದೀನಿ. ಇವತ್ತೊಂದಿನ ಬಸ್ಸೇ ಕಾಯ್ಲಿ."

ಕುರ್ಚಿಯಕ್ಕ ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಕಾಲೂರಿ ನಿಲ್ಲುತ್ತಾರೆ. "ಕೂತ್ಕೊಳಿ ಯಜಮಾನ್ರೇ. ನಾನು ಹಿಡ್ಕೊಂಡಿದ್ದೀನಿ."