ಅಕ್ಷರದ ಮೇಲಿನ ಗೀಟು

ನಾಗರತ್ನಕ್ಕನ ಎಡಗೈ ಹೆಬ್ಬೆರಳು ಸದಾ ಆಲ್ಟ್ ಕೀಲಿಯ ಮೇಲೇ ಇರುತ್ತಿತ್ತು. ಅದನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಸೊನ್ನೆ, ಎರಡು, ಮೂರು, ಮೂರು ಎಂದು ಕುಟ್ಟಿ ಕೈಬಿಟ್ಟರೆ ಪರದೆಯ ಮೇಲೆ é ಮೂಡುತ್ತಿತ್ತು. ನಮ್ಮ ಇಂಗ್ಲಿಷ್ ಕೀಬೋರ್ಡಿನಲ್ಲಿ ಫ್ರೆಂಚ್ ಅಕ್ಷರಗಳಿಗೆ ಅಂಟಿಕೊಂಡ ಗೀಟು, ಟೋಪಿ, ಬಾಲಗಳಿಗೆ ಜಾಗವೇ ಇರಲಿಲ್ಲ. ಒಂದೊಂದಕ್ಕೂ ಒಂದೊಂದು ಸಂಖ್ಯೆ. ಎಲ್ಲವೂ ಅವರ ಬೆರಳುಗಳಿಗೆ ಬಾಯಿಪಾಠ.

ಎಲೆಕ್ಟ್ರಾನಿಕ್ ಸಿಟಿಯ ಆ ಆಫೀಸಿನಲ್ಲಿ ಕೂತು ನಾವು ಫ್ರಾನ್ಸಿನ ವಿಮೆ ಗ್ರಾಹಕರಿಗೆ ಉತ್ತರ ಬರೆಯುತ್ತಿದ್ದೆವು. ನಾಗರತ್ನಕ್ಕ ಬೇಗೂರಿನವರು. ಮನೆಯವರು ಹೊಲವಿದ್ದ ಕಡೆ ಕಟ್ಟಡ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಕೆಲಸ ಮಾಡಲೇಬೇಕೆಂದೇನೂ ಇರಲಿಲ್ಲ. ಫ್ರೆಂಚ್ ಇಷ್ಟ, ಅದಕ್ಕೆ ಬರುತ್ತಿದ್ದರು.

ನಾವೆಲ್ಲ ಗೀಟುಗಳನ್ನು ನುಂಗಿಹಾಕಿ ಬೇಗ ಬೇಗ ಬರೆದು ಮುಗಿಸುತ್ತಿದ್ದೆವು. ಅವರ ವೇಗ ಮಾತ್ರ ತಿಂಗಳು ತಿಂಗಳೂ ಕೆಳಗೆ. ಗೀಟು ಇಲ್ಲದಿದ್ದರೂ ಗ್ರಾಹಕರಿಗೆ ಅರ್ಥವಾಗುತ್ತದೆ, ಬಿಟ್ಟುಬಿಡಿ ಎಂದು ಟೀಮ್ ಲೀಡ್ ಹೇಳಿದ. ನಾಗರತ್ನಕ್ಕ ಆಮೇಲೆ ಕ್ಯಾಂಟೀನಿನಲ್ಲಿ ನನ್ನೆದುರು ಕೂತು ಹೇಳಿದರು:

“ನಿನ್ನ ಹೆಸ್ರಿಂದ ಒಂದು ದೀರ್ಘ ತೆಗೆದ್ರೆ ರಾಜ ಹೋಗಿ ರಜ ಆಗ್ಬಿಡ್ತೀಯ ಕಣೋ. ಸುಮ್ನಿರ್ತೀಯಾ?”

ನನಗಾಗ ರಜವೇ ಬೇಕಾಗಿತ್ತು.

ಒಮ್ಮೆ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳ ಕಡತ ಅವರ ಕೈಗೆ ಬಂತು. ಗಂಡನ ಹೆಸರು ಬೆನ್ವಾ, ಫ್ರೆಂಚಿನಲ್ಲಿ ಬರೆದರೆ Benoît. ಅದರ i ಮೇಲೊಂದು ಪುಟ್ಟ ಟೋಪಿ ಇರಬೇಕು. ಅದುವರೆಗೆ ನಮ್ಮಿಂದ ಹೋದ ಯಾವ ಪತ್ರದಲ್ಲೂ ಅದು ಇರಲಿಲ್ಲ. ನಾಗರತ್ನಕ್ಕ ಟೋಪಿ ಇಟ್ಟೇ ಬರೆದರು. ಆಕೆ ಮರುತ್ತರ ಬರೆದಳು. ವಿಮೆಯ ವಿಷಯವೇ ಇರಲಿಲ್ಲ. ಕೊನೆಗೂ ನೀವು ಬರೆದದ್ದು ನನ್ನ ಗಂಡನ ಬಗ್ಗೆಯೇ ಎಂದು ನಂಬಿಕೆ ಬಂತು, ಎಂದಷ್ಟೇ. ಅದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿ, ಮುಂದಿನ ಪತ್ರ ತೆರೆದರು.

ಆಮೇಲೆ ಹೆಬ್ಬೆರಳು ಊದಿಕೊಂಡಿತು. ಕಂಪ್ಯೂಟರಿನಲ್ಲೇ ಒಂದು ಸೆಟ್ಟಿಂಗ್ ಬದಲಿಸಿದರೆ, ಉದ್ಧರಣ ಚಿಹ್ನೆ ಒತ್ತಿ e ಒತ್ತಿದರೆ ಸಾಕು, ಗೀಟು ತಾನಾಗಿ ಬರುತ್ತದೆ. ಆದರೆ ಆಫೀಸಿನ ಯಂತ್ರಗಳಲ್ಲಿ ನಾವು ಯಾವ ಸೆಟ್ಟಿಂಗನ್ನೂ ಮುಟ್ಟದಂತೆ ಬೀಗ. ಅನುಮತಿ ಕೇಳಿದರು, ಮತ್ತೆ ಕೇಳಿದರು. ಭದ್ರತೆ ವಿಭಾಗದವರು ನೋಡೋಣ ಎಂದರು. ಅನುಮತಿ ಬರುವಷ್ಟರಲ್ಲಿ ಕೈಗೆ ಪಟ್ಟಿ ಬಿದ್ದಿತ್ತು, ಮನೆಯಲ್ಲಿ ತರಕಾರಿ ಹೆಚ್ಚಲೂ ಆಗುತ್ತಿರಲಿಲ್ಲ. ಎರಡು ಕೀಲಿ ಒತ್ತಿದರು. é ಬಂತು.

“ಇಷ್ಟೇನಾ?” ಎಂದರು.

ಸಿಟ್ಟಿರಲಿಲ್ಲ, ಸುಸ್ತಿತ್ತು. ಆ ತಿಂಗಳೇ ಕೆಲಸ ಬಿಟ್ಟರು.

ಕೊನೆಯ ಸಲ ಸಿಕ್ಕಿದ್ದು ಬೇಗೂರು ಬಸ್ ಸ್ಟಾಪಿನಲ್ಲಿ. ಈಗ ಪತ್ರಗಳನ್ನೆಲ್ಲ ಸಾಫ್ಟ್‌ವೇರೇ ಬರೆಯುತ್ತದೆ, ಒಂದು ಗೀಟೂ ತಪ್ಪುವುದಿಲ್ಲ, ನಾವು ಒಪ್ಪಿಗೆ ಒತ್ತಿದರಾಯಿತು ಎಂದೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು.

“ಆ ಗ್ರಾಹಕ್ರು ಬರ್ದಿರೋದನ್ನ ಯಾರು ಓದ್ತಾರೋ?”

ಅದನ್ನೂ ಅದೇ ಓದುತ್ತದೆ ಎಂದೆ. ನನ್ನ ಬಸ್ಸು ಬಂತು. ಹತ್ತಿಬಿಟ್ಟೆ.